ಸೋಗಿನ ಒಳಹೊರಗು: ‘ತಾರ್ತೂಫ್’ ನಾಟಕದ ಓದು ಮತ್ತು ಧಾರವಾಡ ಸೀಮೆಯ ಆಟಗಳ ನಗೆ

ಪ್ರಸ್ತಾವನೆ

ಪರಭಾಷೆಯ ಕೃತಿಯೊಂದನ್ನು ಓದಿ ಮುಗಿಸಿದ ವಿದ್ಯಾರ್ಥಿಯ ಬಾಯಿಂದ ಮೊದಲು ಹೊರಡುವ ಮಾತನ್ನು ವಿಮರ್ಶೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರ ಪತ್ರಿಕೆಯಲ್ಲಿಯೂ ಅದಕ್ಕೆ ಸ್ಥಳವಿಲ್ಲ. ಅಲ್ಲಿ ಕೇಳುವುದು ಕೃತಿಯ ವಸ್ತು, ಪಾತ್ರಗಳು, ಕಾಲದ ಹಿನ್ನೆಲೆ, ವಿಡಂಬನೆಯ ಸ್ವರೂಪ ಇಷ್ಟೇ. ಓದಿದವನಿಗೆ ಕೃತಿ ಯಾರನ್ನು ನೆನಪಿಗೆ ತಂದಿತು, ಎಲ್ಲಿ ನಗೆ ಬಂತು, ಎಲ್ಲಿ ಬಂದ ನಗೆ ನಿಂತಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಹಾಗೆ ಕೇಳದೆ ಉಳಿದ ಪ್ರತಿಕ್ರಿಯೆ ಎರಡು ಸಂಸ್ಕೃತಿಗಳ ನಡುವಿನ ಸಂಬಂಧವನ್ನು ಕುರಿತು ಹಲವೊಮ್ಮೆ ಪಠ್ಯಪುಸ್ತಕಕ್ಕಿಂತ ಹೆಚ್ಚು ನಿಜವನ್ನು ಹೇಳುತ್ತದೆ.

ಹದಿನೇಳನೆಯ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರನ ‘ತಾರ್ತೂಫ್’ ಎಂಬ ವಿಡಂಬನಾತ್ಮಕ ಪ್ರಹಸನವನ್ನು ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಯೊಬ್ಬ ಓದಿದಾಗ ಆ ಓದಿನಲ್ಲಿ ಏನೇನು ಘಟಿಸಬಹುದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇಲ್ಲಿ ‘ವಿದ್ಯಾರ್ಥಿ’ ಎಂಬುದು ಯಾರೊಬ್ಬ ವ್ಯಕ್ತಿಯ ಹೆಸರಲ್ಲ. ಜಾತ್ರೆಯ ರಾತ್ರಿಗಳಲ್ಲಿ ಕಂಬಳಿ ಹೊದ್ದು ಕುಳಿತು ಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ ನೋಡಿ ಬೆಳೆದು, ಆ ಮೇಲೆ ಧಾರವಾಡದ ಕಾಲೇಜಿಗೊ ವಿಶ್ವವಿದ್ಯಾಲಯಕ್ಕೊ ಬಂದು ಇಂಗ್ಲಿಷ್ ಅನುವಾದದ ಮೂಲಕ ಮೋಲಿಯೇರನನ್ನು ಎದುರಾಗುವ ಓದುಗನ ನೆಲೆಯನ್ನು ಆ ಶಬ್ದ ಸೂಚಿಸುತ್ತದೆ. 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದಂದಿನಿಂದ ಇಂಥ ಓದುಗರು ಈ ಊರಿಗೆ ಬರುತ್ತಲೇ ಇದ್ದಾರೆ.

ನಾಟಕ ಬಂದ ಹಾದಿ

‘ತಾರ್ತೂಫ್’ ಮೊದಲು ಆಡಲ್ಪಟ್ಟುದು 1664ರ ಮೇ 12ರಂದು, ವರ್ಸೇಲ್ಸಿನ ಅರಮನೆಯ ಉತ್ಸವವೊಂದರಲ್ಲಿ. ಆಗ ಅದು ಮೂರು ಅಂಕಗಳ ನಾಟಕವಾಗಿತ್ತು. ದೊರೆ ಹದಿನಾಲ್ಕನೆಯ ಲೂಯಿ ನೋಡಿ ಮೆಚ್ಚಿದನೆಂದು ತೋರಿದರೂ ಧಾರ್ಮಿಕ ವಲಯದ ಒತ್ತಾಯಕ್ಕೆ ಮಣಿದು ಅದರ ಸಾರ್ವಜನಿಕ ಪ್ರದರ್ಶನವನ್ನು ತಡೆದನು. 1667ರ ಆಗಸ್ಟ್ 5ರಂದು ನಾಯಕನ ಹೆಸರನ್ನೂ ನಾಟಕದ ಹೆಸರನ್ನೂ ಬದಲಿಸಿ ಮೋಲಿಯೇರ್ ಅದನ್ನು ಪ್ಯಾರಿಸಿನಲ್ಲಿ ಮತ್ತೆ ಆಡಿಸಿದಾಗ ಮರುದಿನವೇ ನಿಷೇಧ ಬಂತು. ನಾಟಕವನ್ನು ಆಡುವವರನ್ನು, ನೋಡುವವರನ್ನು, ಓದುವವರನ್ನು ಧರ್ಮದಿಂದ ಹೊರಹಾಕುವುದಾಗಿ ಪ್ಯಾರಿಸಿನ ಆರ್ಚ್‌ಬಿಷಪ್ ಸಾರಿದನು. ದೊರೆಗೆ ಬಿನ್ನವತ್ತಳೆಗಳನ್ನು ಬರೆಯುತ್ತ ಕಾದ ಮೋಲಿಯೇರನಿಗೆ ಕೊನೆಗೆ ಅನುಮತಿ ದೊರೆತು, 1669ರ ಫೆಬ್ರವರಿ 5ರಂದು ಇಂದು ಓದಲು ಸಿಗುವ ಐದು ಅಂಕಗಳ ನಾಟಕ ರಂಗಕ್ಕೆ ಬಂತು. ಅದೇ ವರ್ಷ ಅದು ಮುನ್ನುಡಿಯೊಂದಿಗೆ ಅಚ್ಚಾಯಿತು. ಐದು ವರ್ಷ ಹೋರಾಡಿ ಉಳಿಸಿಕೊಂಡ ಪಠ್ಯವಿದು ಎಂಬ ಅಂಶವನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡುವುದು ಅಗತ್ಯ.

ಕಥೆ ಸರಳವಾದುದು. ಓರ್ಗೋನ್ ಎಂಬ ಸ್ಥಿತಿವಂತ ಗೃಹಸ್ಥ ಚರ್ಚಿನಲ್ಲಿ ಕಂಡ ತಾರ್ತೂಫ್ ಎಂಬ ಬಡ ‘ಭಕ್ತ’ನನ್ನು ಮನೆಗೆ ಕರೆತಂದು ಇಟ್ಟುಕೊಂಡಿದ್ದಾನೆ. ಮಗಳು ಮಾರಿಯಾನಳನ್ನು ಅವನಿಗೇ ಕೊಡಲು ನಿಶ್ಚಯಿಸುತ್ತಾನೆ. ತಾರ್ತೂಫನ ಬಣ್ಣ ಬಯಲು ಮಾಡಹೊರಟ ಮಗನನ್ನು ಮನೆಯಿಂದ ಹೊರಗೆ ಹಾಕಿ, ಆಸ್ತಿಯನ್ನೆಲ್ಲ ತಾರ್ತೂಫನಿಗೆ ಬರೆದುಕೊಡುತ್ತಾನೆ. ಹೆಂಡತಿ ಎಲ್ಮೀರ್ ಗಂಡನನ್ನು ಮೇಜಿನ ಕೆಳಗೆ ಅಡಗಿಸಿಟ್ಟು, ತಾರ್ತೂಫ್ ತನ್ನನ್ನು ಬಯಸುವುದನ್ನು ಅವನ ಕಿವಿಗೇ ಕೇಳಿಸುತ್ತಾಳೆ. ಆ ಹೊತ್ತಿಗೆ ಮನೆ ಕಾನೂನಿನ ಪ್ರಕಾರ ತಾರ್ತೂಫನದಾಗಿರುತ್ತದೆ. ಮನೆ ಖಾಲಿ ಮಾಡಿಸಲು ಅಮೀನ ಬರುತ್ತಾನೆ. ಕಡೆಗೆ ದೊರೆಯ ಅಧಿಕಾರಿ ಬಂದು ತಾರ್ತೂಫನನ್ನೇ ಬಂಧಿಸಿ, ಬರೆದುಕೊಟ್ಟ ಪತ್ರವನ್ನು ರದ್ದುಪಡಿಸುತ್ತಾನೆ.

ಈ ನಾಟಕ ಕನ್ನಡಕ್ಕೆ ಬಂದುದು ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ ಎಂಬ ರೂಪಾಂತರದ ಮೂಲಕ. ಹೆಸರಿನ ಆಯ್ಕೆಯೇ ಒಂದು ವಿಮರ್ಶೆಯಾಗಿದೆ. ಪಂಚತಂತ್ರದಲ್ಲಿ ಬರುವ ಆಷಾಢಭೂತಿ, ಶಿಷ್ಯನ ವೇಷದಲ್ಲಿ ಸಂನ್ಯಾಸಿಯೊಬ್ಬನ ವಿಶ್ವಾಸ ಗಳಿಸಿ ಅವನ ಹಣ ಕದ್ದೊಯ್ಯುವ ಧೂರ್ತ. ಕನ್ನಡದಲ್ಲಿ ಆ ಹೆಸರು ಬಹುಕಾಲದಿಂದ ಡಾಂಭಿಕನಿಗೆ ಪರ್ಯಾಯ ಶಬ್ದವಾಗಿ ಬಳಕೆಯಲ್ಲಿದೆ. ಹಾಗಾಗಿ ರೂಪಾಂತರವನ್ನು ಕೈಗೆತ್ತಿಕೊಂಡ ಕನ್ನಡ ಓದುಗನಿಗೆ ನಾಟಕದ ಮುಖ್ಯ ಪಾತ್ರ ಪುಟ ತಿರುವುವ ಮೊದಲೇ ಪರಿಚಿತ. ಡಾಂಭಿಕ ಭಕ್ತಿಯನ್ನು ನಗೆಗೀಡುಮಾಡಿದ ನಾಟಕವನ್ನು ಕನ್ನಡಕ್ಕೆ ತಂದ ಇದೇ ಲೇಖಕರು ತಮ್ಮ ಇಳಿವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ವೈಚಾರಿಕ ಗ್ರಂಥವನ್ನು ಬರೆದರೆಂಬುದೂ ಗಮನಾರ್ಹ.

ಮೈಸೂರು ಸೀಮೆಯಲ್ಲಿ ಮೋಲಿಯೇರ್ ಕಾಲೇಜಿನ ಓದಿನ ಮೂಲಕ ಬಂದರೆ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಗೆ ಅವನು ಇನ್ನೊಂದು ಹಾದಿಯಿಂದಲೂ ಬಂದಿದ್ದಾನೆ. ಗೋವಿಂದ ಬಲ್ಲಾಳ ದೇವಲರ ‘ಸಂಶಯ ಕಲ್ಲೋಳ’ ಎಂಬ ಪ್ರಸಿದ್ಧ ಮರಾಠಿ ಸಂಗೀತ ನಾಟಕಕ್ಕೆ ಆಧಾರ ಆರ್ಥರ್ ಮರ್ಫಿಯ ಇಂಗ್ಲಿಷ್ ಪ್ರಹಸನ. ಆ ಪ್ರಹಸನಕ್ಕೆ ಆಧಾರ ಮೋಲಿಯೇರನ ‘ಸ್ಗನಾರೆಲ್’. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಹಿಂದೆ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿಯ ಮೊದಲ ನಾಟಕವನ್ನು ಕಟ್ಟಲು ಪ್ರೇರಣೆಯಾದುದು ಉತ್ತರ ಕನ್ನಡದಿಂದ ಹೋಗಿದ್ದ ಕರ್ಕಿಯ ಭಾಗವತರ ಆಟ. ಬಯಲಾಟದ ಪ್ರೇರಣೆಯಿಂದ ಮೊದಲಾದ ರಂಗಭೂಮಿಯೇ ಮುಂದೆ ಫ್ರೆಂಚ್ ಪ್ರಹಸನದ ನೆರಳನ್ನೂ ಹೊತ್ತು ಹುಬ್ಬಳ್ಳಿ-ಧಾರವಾಡಕ್ಕೆ ಮರಳಿತು. ‘ಪರಕೀಯ’ ಎಂಬ ಶಬ್ದವನ್ನು ಇಂಥ ಹಾದಿಗಳ ಎದುರಿನಲ್ಲಿ ಎಚ್ಚರದಿಂದ ಬಳಸಬೇಕಾಗುತ್ತದೆ.

ಮೊದಲ ಪ್ರತಿಕ್ರಿಯೆ: ಗುರುತು ಹತ್ತಿದ ಸುಖ

ನಾಟಕವನ್ನು ಓದತೊಡಗಿದ ವಿದ್ಯಾರ್ಥಿಗೆ ಮೊದಲು ಸಿಗುವುದು ಗುರುತು ಹತ್ತಿದ ಸುಖ. ‘ಇಂವ ನಮ್ಮೂರಾಗೂ ಅದಾನ’ ಎಂಬ ಉದ್ಗಾರದಲ್ಲಿ ಅದು ಪ್ರಕಟವಾಗುತ್ತದೆ. ಮೂರನೆಯ ಅಂಕದವರೆಗೆ ತಾರ್ತೂಫ್ ರಂಗಕ್ಕೆ ಬರುವುದೇ ಇಲ್ಲ. ಬಂದವನು ಡೋರೀನ್ ಎಂಬ ಮನೆಗೆಲಸದವಳನ್ನು ಕಂಡೊಡನೆ, ತಾನು ದೇಹದಂಡನೆಗೆ ಬಳಸುವ ಸಾಧನಗಳನ್ನು ಎತ್ತಿಡುವಂತೆ ಆಳಿಗೆ ಗಟ್ಟಿಯಾಗಿ ಹೇಳುತ್ತಾನೆ. ಅನಂತರ ಅವಳ ಎದೆ ಮುಚ್ಚಿಕೊಳ್ಳಲು ಕರವಸ್ತ್ರ ಕೊಡಲು ಹೋಗುತ್ತಾನೆ. ‘ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ’, ‘ಬಾಯಾಗ ಬಸಪ್ಪ, ಹೊಟ್ಟ್ಯಾಗ ವಿಷಪ್ಪ’ ಎಂಬ ಗಾದೆಗಳನ್ನು ಬಾಲ್ಯದಿಂದ ಕೇಳಿದವನಿಗೆ ಈ ಪಾತ್ರದ ವಿವರಣೆಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ವಚನಕಾರರಿಂದ ಸರ್ವಜ್ಞನವರೆಗೆ, ದಾಸರಿಂದ ಶಿಶುನಾಳ ಶರೀಫರವರೆಗೆ ವೇಷದ ಭಕ್ತಿಯನ್ನು ಝಾಡಿಸಿದ ಪರಂಪರೆ ಅವನ ಬೆನ್ನಿಗಿದೆ. ಆಧುನಿಕ ಕಾಲದಲ್ಲಿಯೂ ಕರ್ನಾಟಕ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಶ್ರೀರಂಗರು 1930ರಲ್ಲಿ ಬರೆದ ನಾಟಕಕ್ಕೆ ದಾಸರ ಪದದಿಂದಲೇ ‘ಉದರ ವೈರಾಗ್ಯ’ ಎಂಬ ಹೆಸರನ್ನು ಆಯ್ದುಕೊಂಡರು.

ಈ ಗುರುತಿನ ಹಿಂದೆ ಭಾಷೆಯ ಸಾಕ್ಷ್ಯವೂ ಇದೆ. ಉತ್ತರ ಕರ್ನಾಟಕದ ಬಯಲಾಟದ ಕಲಾವಿದರು ತಾವು ವಹಿಸುವ ಪಾತ್ರವನ್ನು ‘ಸೋಗು’ ಎನ್ನುತ್ತಾರೆ. ‘ಸೋಗು ಹಾಕುವುದು’ ಎಂದರೆ ಬಣ್ಣ ಹಚ್ಚಿ ಪಾತ್ರವಾಗುವುದು. ಅದೇ ಶಬ್ದದಿಂದ ಹುಟ್ಟಿದ ‘ಸೋಗಲಾಡಿ’ ಎಂದರೆ ಡಾಂಭಿಕ. ಯುರೋಪಿನ ಭಾಷೆಗಳಲ್ಲಿಯೂ ಡಾಂಭಿಕನನ್ನು ಸೂಚಿಸುವ ಶಬ್ದದ ಗ್ರೀಕ್ ಮೂಲರೂಪಕ್ಕೆ ರಂಗದ ನಟ ಎಂಬ ಅರ್ಥವಿತ್ತು. ಪರಸ್ಪರ ಅರಿಯದ ಎರಡು ಭಾಷೆಗಳು ನಟನನ್ನೂ ಡಾಂಭಿಕನನ್ನೂ ಒಂದೇ ಶಬ್ದದ ಎರಡು ಮಗ್ಗುಲುಗಳಾಗಿ ಕಂಡಿವೆ.

ಸೋಗು ಹಾಕುವ ನಟ ಸೋಗಲಾಡಿಯನ್ನು ಹಂಗಿಸುವಾಗ ಅವನು ತನ್ನ ಕಸುಬಿನ ಘನತೆಯನ್ನೇ ಪಣಕ್ಕಿಡುತ್ತಾನೆ. ನಟ ಇದು ಸೋಗು ಎಂದು ಎಲ್ಲರಿಗೂ ತಿಳಿಸಿ ಬಣ್ಣ ಹಚ್ಚುತ್ತಾನೆ, ಆಟ ಮುಗಿದ ಮೇಲೆ ತೊಳೆಯುತ್ತಾನೆ. ಸೋಗಲಾಡಿ ಬಣ್ಣವನ್ನು ಚರ್ಮವೆಂದು ನಂಬಿಸುತ್ತಾನೆ. ಆದರೂ ಸಮಾಜ ಗೌರವ ಕೊಟ್ಟದ್ದು ಎರಡನೆಯವನಿಗೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಕಸುಬನ್ನು ತ್ಯಜಿಸದ ನಟನಿಗೆ ಚರ್ಚಿನ ಅಂತ್ಯಸಂಸ್ಕಾರ ನಿಷಿದ್ಧವಾಗಿತ್ತು. 1673ರ ಫೆಬ್ರವರಿ 17ರಂದು ಮೋಲಿಯೇರ್ ತೀರಿಕೊಂಡಾಗ ದೊರೆಯ ಮಧ್ಯಸ್ಥಿಕೆಯ ಅನಂತರವಷ್ಟೇ, ಅದೂ ರಾತ್ರಿಯ ಹೊತ್ತಿನಲ್ಲಿ, ಅವನ ಶವವನ್ನು ಮಣ್ಣು ಮಾಡಲು ಸಾಧ್ಯವಾಯಿತು. ಆಟದವರನ್ನು ಕಂಡು ಹಾಡಿ ಹೊಗಳಿದರೂ ಹೆಣ್ಣು ಕೊಡಲು ಹಿಂಜರಿಯುವ ಹಳ್ಳಿಗಳನ್ನು ಬಲ್ಲ ವಿದ್ಯಾರ್ಥಿಗೆ ಈ ವಿವರವೂ ಅಪರಿಚಿತವೆನಿಸುವುದಿಲ್ಲ.

ನಿಷೇಧದ ಚರಿತ್ರೆಯೂ ಅವನಿಗೆ ದೂರದ ಸಂಗತಿಯಲ್ಲ. ತಾನು ಹಂಗಿಸಿದ್ದು ಕಪಟ ಭಕ್ತರನ್ನೇ ಹೊರತು ನಿಜ ಭಕ್ತರನ್ನಲ್ಲ ಎಂಬುದು ಮೋಲಿಯೇರನ ವಾದ. ಹೊರಗಿನ ಲಕ್ಷಣಗಳು ಇಬ್ಬರಲ್ಲಿಯೂ ಒಂದೇ ಆಗಿರುವುದರಿಂದ ಒಬ್ಬನಿಗೆ ಬಿದ್ದ ಪೆಟ್ಟು ಇನ್ನೊಬ್ಬನಿಗೂ ತಾಗುತ್ತದೆ ಎಂಬುದು ವಿರೋಧಿಗಳ ಪ್ರತಿವಾದ. ಈ ಪ್ರತಿವಾದ ಟೊಳ್ಳಾದುದಲ್ಲ. ಆದರೆ ಅದನ್ನು ಒಪ್ಪಿದರೆ ಧರ್ಮದ ಹೆಸರಿನಲ್ಲಿ ನಡೆಯುವ ಯಾವುದನ್ನೂ ಪ್ರಶ್ನಿಸುವಂತಿಲ್ಲ. ಪ್ರಶ್ನಿಸುವ ವಿದ್ವತ್ತಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ 2015ರ ಆಗಸ್ಟ್ 30ರಂದು ಧಾರವಾಡ ಕಂಡಿದೆ. ಅನಂತರದ ವಿದ್ಯಾರ್ಥಿ 1664ರ ನಿಷೇಧವನ್ನು ಓದುವಾಗ ಅದನ್ನು ಕೇವಲ ಪರೀಕ್ಷೆಯ ಟಿಪ್ಪಣಿಯಾಗಿ ಓದಲಾರ.

ಎರಡನೆಯ ಪ್ರತಿಕ್ರಿಯೆ: ಓರ್ಗೋನನ ಮುಂದೆ ಮುಜುಗರ

ಗುರುತಿನ ಸುಖದಲ್ಲಿಯೇ ಓದು ನಿಂತರೆ ಅದು ಅರ್ಧ ಓದು. ತಾರ್ತೂಫ್ ತನ್ನೂರಿನವನೇ ಎಂದು ಹೇಳಿ ಪುಸ್ತಕ ಮುಚ್ಚಿದವನು ಆ ನಾಟಕದ ಹೊಸತನ್ನು ಕಂಡಂತಾಗಲಿಲ್ಲ. ನಾಟಕಕ್ಕೆ ತಾರ್ತೂಫನ ಹೆಸರಿದ್ದರೂ ಮೋಲಿಯೇರ್ ತಾನೇ ಬಣ್ಣ ಹಚ್ಚಿ ವಹಿಸಿದ ಪಾತ್ರ ಓರ್ಗೋನನದು. ತಂಡದ ಯಜಮಾನನೂ ಜನಪ್ರಿಯ ಹಾಸ್ಯನಟನೂ ಆಗಿದ್ದವನು ಮೋಸಗಾರನ ಪಾತ್ರವನ್ನು ಬಿಟ್ಟು ಮೋಸಹೋಗುವವನ ಪಾತ್ರವನ್ನು ಆರಿಸಿಕೊಂಡದ್ದು ನಾಟಕದ ಕೇಂದ್ರ ಎಲ್ಲಿದೆ ಎಂಬುದಕ್ಕೆ ಸೂಚನೆಯಾಗಿದೆ.

ಮೊದಲನೆಯ ಅಂಕದಲ್ಲಿ ಊರಿಂದ ಮರಳಿದ ಓರ್ಗೋನ್ ಮನೆಯವರ ಕ್ಷೇಮ ವಿಚಾರಿಸುತ್ತಾನೆ. ಹೆಂಡತಿಗೆ ಜ್ವರ ಬಂದಿತ್ತೆಂದು, ರಾತ್ರಿಯೆಲ್ಲ ನಿದ್ದೆಯಿರಲಿಲ್ಲವೆಂದು ಡೋರೀನ್ ಹೇಳುತ್ತಿದ್ದರೆ ಅವನು ಪ್ರತಿ ಸಲವೂ ಕೇಳುವುದು ತಾರ್ತೂಫನ ಯೋಗಕ್ಷೇಮವನ್ನು. ತಾರ್ತೂಫ್ ಹೊಟ್ಟೆ ತುಂಬ ಉಂಡು ಬೆಚ್ಚಗೆ ಮಲಗಿದ್ದನೆಂಬ ಉತ್ತರ ಕೇಳಿಯೂ ಅವನಿಗೆ ಕನಿಕರ ಉಕ್ಕುವುದು ತಾರ್ತೂಫನ ಮೇಲೆಯೇ. ಈ ದೃಶ್ಯಕ್ಕೆ ನಗದವರಿಲ್ಲ. ನಾಲ್ಕನೆಯ ಅಂಕದ ಮೇಜಿನ ದೃಶ್ಯಕ್ಕೆ ಬರುವ ಹೊತ್ತಿಗೆ ಅದೇ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಮೀರ್ ಕೆಮ್ಮಿ ಸೂಚನೆ ಕೊಟ್ಟರೂ ಗಂಡ ಮೇಜಿನ ಕೆಳಗಿನಿಂದ ಏಳುವುದಿಲ್ಲ. ತನ್ನನ್ನು ಮೂಗುದಾರ ಹಾಕಿ ಎಳೆದೊಯ್ಯಬಹುದಾದ ಮನುಷ್ಯನೆಂದು ತಾರ್ತೂಫ್ ಹಳಿದ ಅನಂತರವಷ್ಟೇ ಅವನು ಹೊರಬರುತ್ತಾನೆ. ಹೆಂಡತಿಯ ಮಾನಕ್ಕಿಂತ ತನ್ನ ಅಭಿಮಾನಕ್ಕೆ ಬಿದ್ದ ಪೆಟ್ಟು ಅವನ ಕಣ್ಣು ತೆರೆಸಿತೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಅದಕ್ಕೆ ನಾಟಕ ಉತ್ತರ ಕೊಡುವುದಿಲ್ಲ.

ಓರ್ಗೋನನನ್ನು ಮೂರ್ಖನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನಿಗೆ ಈ ಮೋಸದಿಂದ ಲಾಭವಿದೆ. ಬೆಳೆದ ಮಕ್ಕಳು, ಎರಡನೆಯ ಹೆಂಡತಿ, ತಿಳಿವಳಿಕೆಯ ಭಾವಮೈದುನ, ಎದುರಾಡುವ ಕೆಲಸದವಳು ಇವರೆಲ್ಲ ಇರುವ ಮನೆಯಲ್ಲಿ ತನ್ನ ಮಾತೇ ನಡೆಯಬೇಕೆಂಬ ಹಟಕ್ಕೆ ತಾರ್ತೂಫನ ಭಕ್ತಿ ಆಸರೆಯಾಗುತ್ತದೆ. ಮಗಳ ಇಷ್ಟವನ್ನು ತುಳಿಯುವಾಗ, ಮಗನ ಹಕ್ಕನ್ನು ಕಿತ್ತುಕೊಳ್ಳುವಾಗ ಅದನ್ನು ಧರ್ಮವೆಂದು ಕರೆಯುವ ಸೌಲಭ್ಯ ಅವನಿಗೆ ದೊರೆಯುತ್ತದೆ. ಡಾಂಭಿಕ ಮನೆಗೆ ನುಗ್ಗಿದವನಲ್ಲ, ಯಜಮಾನ ಬೇಕೆಂದು ಕರೆತಂದವನು.

ಧಾರವಾಡ ಸೀಮೆಯ ಸಣ್ಣಾಟಗಳಲ್ಲಿ ಈ ಪಾತ್ರಕ್ಕೆ ನೇರ ಸಮಾನವಾದುದು ಸಿಗುವುದು ಕಷ್ಟ. ಸಂಗ್ಯಾ ಬಾಳ್ಯಾ ಆಟದ ಈರಣ್ಣನಿಗೆ ತನ್ನ ಬೆನ್ನ ಹಿಂದೆ ನಡೆದದ್ದು ತಿಳಿದಿರುವುದಿಲ್ಲ. ತಿಳಿದ ಮೇಲೆ ಆಟ ಕೊಲೆಯ ಕಡೆಗೆ ತಿರುಗುತ್ತದೆ. ಓರ್ಗೋನನಿಗಾದರೋ ಎಲ್ಲರೂ ಹೇಳಿದ್ದಾರೆ, ಅವನು ಕೇಳಿಸಿಕೊಂಡಿಲ್ಲ. ಅರಿಯದವನ ದುರಂತ ಬೇರೆ, ಅರಿಯಲೊಲ್ಲದವನ ಪ್ರಹಸನ ಬೇರೆ. ಮೊದಲ ಓದಿನಲ್ಲಿ ‘ತಾರ್ತೂಫ್ ನಮ್ಮೂರಿನವನು’ ಎಂದ ವಿದ್ಯಾರ್ಥಿ ಎರಡನೆಯ ಓದಿನಲ್ಲಿ, ಅವನನ್ನು ಊರಿಗೆ ಕರೆತಂದು ಪಡಸಾಲೆಯಲ್ಲಿ ಕೂರಿಸಿದವರು ಯಾರು ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆಯ ಉತ್ತರದಲ್ಲಿ ತನ್ನ ಮನೆಯ ಹಿರಿಯರ ಮುಖ ಕಂಡೀತೆಂಬ ಮುಜುಗರವೇ ಈ ನಾಟಕ ಅವನಿಗೆ ಕೊಡುವ ಹೊಸತು. ಪರಂಪರೆಯ ಗಾದೆಗಳು ಕಪಟಿಯನ್ನು ಚೆನ್ನಾಗಿ ಗುರುತಿಸಿವೆ. ಕಪಟಿಯನ್ನು ಸಾಕಿದವನ ಕಡೆಗೆ ಅವು ಬೆರಳು ತೋರಿಸಿದ್ದು ಕಡಿಮೆ.

ಮೂರನೆಯ ಪ್ರತಿಕ್ರಿಯೆ: ಡೋರೀನ್ ಮತ್ತು ದೂತಿ

ಮೂರನೆಯ ಹಂತದಲ್ಲಿ ವಿದ್ಯಾರ್ಥಿಯ ಗಮನ ಡೋರೀನಳತ್ತ ಹೊರಳುತ್ತದೆ. ಅವಳು ಮನೆಗೆಲಸದವಳು, ಯಜಮಾನನ ಎದುರು ನಿಂತು ಮಾತನಾಡುವವಳು, ಪ್ರೇಮಿಗಳ ಮುನಿಸನ್ನು ಕೈಹಿಡಿದು ಬಿಡಿಸುವವಳು. ಕೃಷ್ಣ ಪಾರಿಜಾತ ನೋಡಿದವನಿಗೆ ಅವಳು ದೂತಿಯ ಅಕ್ಕನಂತೆ ಕಾಣುತ್ತಾಳೆ. ಪಾರಿಜಾತದ ದೂತಿಯೂ ಸತ್ಯಭಾಮೆ ಮತ್ತು ಕೃಷ್ಣರ ನಡುವೆ ಓಡಾಡುತ್ತ ದೇವರನ್ನೂ ಬಿಡದೆ ಮಾತಿನಲ್ಲಿ ಹಣಿಯುತ್ತಾಳೆ. ಭಾಗವತನಿಗೂ ಅವಳಿಗೂ ನಡೆಯುವ ಸಂವಾದ ಪುರಾಣದ ಚೌಕಟ್ಟನ್ನು ಬಿಟ್ಟು ಆ ಊರು, ಆ ವರ್ಷದ ಮಳೆ ಬೆಳೆ, ಅಲ್ಲಿಯ ಸಾಹುಕಾರ, ಪುಢಾರಿ, ಹೆಂಡತಿಯನ್ನು ಬಡಿಯುವ ಗಂಡ, ಸುಳ್ಳು ಹೇಳುವ ಬುವಾ ಮೊದಲಾದವರತ್ತ ಹಾಯುತ್ತದೆ. ನೋಡುವ ಮಂದಿ ನಗುತ್ತಾರೆ. ಹೆಸರಿಸದೆ ಆಡಿದ ಮಾತು ಯಾರಿಗೆ ತಾಗಿತೆಂಬುದು ಅವರಿಗೆ ಗೊತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಡೋರೀನಳ ಮಾತು ಎಷ್ಟೇ ಹರಿತವಾಗಿದ್ದರೂ ಓರ್ಗೋನನನ್ನು ಬದಲಿಸುವುದಿಲ್ಲ. ತಾರ್ತೂಫನನ್ನು ಸೋಲಿಸುವುದು ಅವಳ ಬುದ್ಧಿಯಲ್ಲ, ದೊರೆಯ ಆಜ್ಞೆ. ಅನುಮತಿಗಾಗಿ ಐದು ವರ್ಷ ಕಾದವನು ದೊರೆಗೆ ಸಲ್ಲಿಸಿದ ಕೃತಜ್ಞತೆ ಅದು ಎಂದು ಹೇಳುವುದುಂಟು. ಸಣ್ಣಾಟದ ಅಂಗಳದಲ್ಲಿ ಇಂಥ ದೊರೆಯ ಆಳು ಬರುವುದಿಲ್ಲ. ಅಲ್ಲಿ ನ್ಯಾಯ ನಡೆಯುವುದು ನಗೆಯ ಮೂಲಕ, ನಗುವವರು ಎದುರಿಗೆ ಕುಳಿತ ಮಂದಿ. ಮರುದಿನ ಬೆಳಗ್ಗೆ ಸಾಹುಕಾರ ಸಾಹುಕಾರನಾಗಿಯೇ ಉಳಿಯುತ್ತಾನೆ, ಬುವಾ ಬುವಾನಾಗಿಯೇ ಉಳಿಯುತ್ತಾನೆ. ಆದರೆ ಊರು ತನ್ನ ಬಗ್ಗೆ ನಕ್ಕಿದೆ ಎಂಬ ತಿಳಿವಳಿಕೆ ಅವರ ಜೊತೆಗಿರುತ್ತದೆ. ಇದು ಮೋಲಿಯೇರನ ಅಂತ್ಯಕ್ಕಿಂತ ದುರ್ಬಲವೂ ಹೌದು, ಪ್ರಾಮಾಣಿಕವೂ ಹೌದು.

ಈ ಹೋಲಿಕೆಯನ್ನು ಬರೆದು ತೋರಿಸಬೇಕೆಂದು ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋದರೆ ತೊಡಕು ಎದುರಾಗುತ್ತದೆ. ಡೋರೀನಳ ಒಂದೊಂದು ಮಾತೂ ಅಚ್ಚಿನಲ್ಲಿದೆ. ದೂತಿಯ ಮಾತು ಎಲ್ಲಿದೆ? ಅಚ್ಚಾದ ಸಣ್ಣಾಟದ ಪಾಠಗಳಲ್ಲಿ ಹಾಡುಗಳಿವೆ. ಹಾಡುಗಳ ನಡುವಿನ ಮಾತು ಬಹುಮಟ್ಟಿಗೆ ಇಲ್ಲ, ಇದ್ದರೂ ಕಥೆ ಮುಂದುವರಿಯಲು ಬೇಕಾದಷ್ಟು ಮಾತ್ರ ಇದೆ. ಕಲಾವಿದರು ಹಾಡನ್ನು ಕಲಿತು ಹೇಳುತ್ತಾರೆ, ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತಾರೆ. ವಿಡಂಬನೆ ಇರುವುದು ಹೆಚ್ಚಾಗಿ ಆ ಕಟ್ಟಿದ ಮಾತಿನಲ್ಲಿ. ದಾಸನೂ ಚಿಮಣಾಳೂ ಎದುರುಬದುರಾಗುವ ದಾಸರಾಟದಂಥ, ಮಾತೇ ಪ್ರಧಾನವಾದ ಪ್ರಕಾರದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಹಾಡು ಸಂಗ್ರಹವಾಯಿತು, ನಗೆ ಜಾರಿಹೋಯಿತು.

ಇದಕ್ಕೆ ಸಂಗ್ರಾಹಕರ ಅನಾಸಕ್ತಿ ಕಾರಣವೆಂದರೆ ಅನ್ಯಾಯವಾದೀತು. ಎಂ.ಎಸ್. ಸುಂಕಾಪುರ ಅವರಂಥ ಸಂಪಾದಕರು ಸ್ವತಃ ಹಾಸ್ಯ ಲೇಖಕರಾಗಿದ್ದರು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡವರು. ಧ್ವನಿಮುದ್ರಣ ಸುಲಭವಲ್ಲದ ಕಾಲದಲ್ಲಿ ಕೈಬರಹದ ಪ್ರತಿಗಳನ್ನೂ ಹಾಡುಗಾರರ ನೆನಪನ್ನೂ ಆಧರಿಸಿ ಅವರಂಥವರು ಮಾಡಿದ ಕೆಲಸ ಇಲ್ಲದಿದ್ದರೆ ಹಾಡುಗಳೂ ಉಳಿಯುತ್ತಿರಲಿಲ್ಲ. ಆದರೆ ಯಾವುದು ಸಂಗ್ರಹಯೋಗ್ಯ ಎಂಬ ಬಗ್ಗೆ ಕನ್ನಡ ಜಾನಪದ ಅಧ್ಯಯನದ ಆರಂಭದಲ್ಲಿಯೇ ರೂಪುಗೊಂಡ ಒಂದು ಅಭಿರುಚಿ ಇಲ್ಲಿ ಕೆಲಸ ಮಾಡಿದೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ಮಹತ್ವದ ಸಂಕಲನದ ಹೆಸರು ‘ಗರತಿಯ ಹಾಡು’. ಶಿಷ್ಟರು ಕಡೆಗಣಿಸಿದ್ದ ಹೆಣ್ಣುಮಕ್ಕಳ ಕಾವ್ಯಕ್ಕೆ ಮರ್ಯಾದೆ ತಂದುಕೊಟ್ಟ ಕೃತಿ ಅದು. ಜಾನಪದಕ್ಕೆ ಮರ್ಯಾದೆ ಬೇಕಾಗಿದ್ದ ಕಾಲದಲ್ಲಿ ಗರತಿ ಅದರ ಪ್ರತಿನಿಧಿಯಾದದ್ದು ಸಹಜ. ದೂತಿಯ ನಾಲಗೆ ಗರತಿಯ ನಾಲಗೆಯಲ್ಲ. ‘ಅಶ್ಲೀಲ’, ‘ಪುನರುಕ್ತಿ’, ‘ಅಪ್ರಸ್ತುತ’ ಎಂಬ ಕಾರಣಗಳಿಂದ ಪಠ್ಯದ ಹೊರಗುಳಿಯುವ ಮಾತುಗಳಲ್ಲಿಯೇ ಊರಿನ ತಾರ್ತೂಫರ ಚರಿತ್ರೆ ಇರುತ್ತದೆ.

ಆಶುವಾಗಿ ಹುಟ್ಟಿದ ಮಾತು ಆಶುವಾಗಿಯೇ ಅಳಿಯಬೇಕು, ಅಚ್ಚು ಹಾಕಿದರೆ ಅದು ಸಾಯುತ್ತದೆ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆ ರಾತ್ರಿಯ ಮಾತು ಆ ರಾತ್ರಿಗೆ ಮಾತ್ರ ಸಲ್ಲುತ್ತದೆ ಎಂಬುದೂ ನಿಜ. ಮೋಲಿಯೇರನ ಉದಾಹರಣೆ ಇದಕ್ಕೆ ಸಮಾಧಾನವನ್ನೂ ಒದಗಿಸುತ್ತದೆ. 1645ರಿಂದ 1658ರವರೆಗೆ ಅವನು ತಂಡ ಕಟ್ಟಿಕೊಂಡು ಫ್ರಾನ್ಸಿನ ಊರೂರು ತಿರುಗಿದ. ಪ್ಯಾರಿಸಿಗೆ ಮರಳಿದಾಗ ಅವನ ತಂಡ ರಂಗಮಂದಿರವನ್ನು ಹಂಚಿಕೊಂಡದ್ದು ಇಟಾಲಿಯನ್ ನಟರೊಂದಿಗೆ. ಆ ನಟರಿಗೆ ಬರೆದ ಪಾಠವಿರಲಿಲ್ಲ. ಕಥೆಯ ಹಂದರವೊಂದನ್ನು ಇಟ್ಟುಕೊಂಡು, ನಿಶ್ಚಿತ ಮುಖವಾಡಗಳನ್ನು ಧರಿಸಿ, ಮಾತನ್ನು ರಂಗದ ಮೇಲೆಯೇ ಕಟ್ಟುತ್ತಿದ್ದರು. ಜಾಣ ಕೆಲಸದವಳು, ಮೊಂಡ ಮುದುಕ, ಪ್ರೇಮಿಗಳು, ಅಡಗಿ ಕೇಳುವ ದೃಶ್ಯ ಇವೆಲ್ಲ ಅವರ ಹಳೆಯ ಸರಕು. ‘ತಾರ್ತೂಫ್’ನಲ್ಲಿ ಓರ್ಗೋನನ ತಾಯಿಯ ಪಾತ್ರವನ್ನು ಪುರುಷ ನಟ ಆಡಿದ್ದೂ ಹಳೆಯ ಪ್ರಹಸನದ ರೂಢಿಯೇ. ಆಶುಮಾತಿನ ಆ ಸರಕನ್ನು ಮೋಲಿಯೇರ್ ಬರಹಕ್ಕೆ ಇಳಿಸಿದ. ಅದರಿಂದ ಇಟಾಲಿಯನ್ ಆಟಗಳ ಎಲ್ಲ ಜೀವಂತಿಕೆ ಉಳಿಯಿತೆಂದಲ್ಲ. ಆದರೆ ಉಳಿದಷ್ಟು ಓದಲು, ವಾದಿಸಲು, ಮೂರೂವರೆ ಶತಮಾನಗಳ ಅನಂತರ ಧಾರವಾಡದ ಕೊಠಡಿಯೊಂದರಲ್ಲಿ ನಗಲು ಸಿಕ್ಕಿದೆ.

ಕನ್ನಡದಲ್ಲಿ ಇಂಥ ಕೆಲಸಕ್ಕೆ ಹತ್ತಿರವಾದುದು ಕಂಬಾರರ ‘ಜೋಕುಮಾರಸ್ವಾಮಿ’ಯಂಥ ನಾಟಕ. ಬಯಲಾಟದ ಸೂತ್ರಧಾರ, ಹಿಮ್ಮೇಳ, ಮುಚ್ಚುಮರೆಯಿಲ್ಲದ ನಗೆ ಇವನ್ನು ಅದು ಲಿಖಿತ ನಾಟಕಕ್ಕೆ ತಂದು ಊರಗೌಡನ ದರ್ಪದ ಎದುರು ನಿಲ್ಲಿಸಿತು. ಅದು ನಾಟಕಕಾರನ ಸೃಷ್ಟಿ. ಸಂಶೋಧಕನ ಕರ್ತವ್ಯ ಬೇರೆ. ನಾಟಕಕಾರ ದೂತಿಯ ಮಾತಿನಿಂದ ಪ್ರೇರಣೆ ಪಡೆಯಬಹುದು. ಸಂಶೋಧಕ ಆ ಮಾತನ್ನು ಆಡಿದ ಊರು, ರಾತ್ರಿ, ಸಂದರ್ಭ, ನಕ್ಕವರು, ನಗದೆ ಎದ್ದು ಹೋದವರು ಇವರ ಸಮೇತ ದಾಖಲಿಸಬೇಕಾಗುತ್ತದೆ.

ಉಪಸಂಹಾರ

‘ತಾರ್ತೂಫ್’ ಓದಿದ ವಿದ್ಯಾರ್ಥಿಯ ಪ್ರತಿಕ್ರಿಯೆ ಹೀಗೆ ಮೂರು ಮೆಟ್ಟಿಲುಗಳನ್ನು ಹತ್ತುತ್ತದೆ. ಮೊದಲು ಡಾಂಭಿಕನ ಗುರುತು ಹತ್ತುತ್ತದೆ, ಅನಂತರ ಡಾಂಭಿಕನನ್ನು ಸಾಕಿದ ಯಜಮಾನನ ಮುಂದೆ ಮುಜುಗರವಾಗುತ್ತದೆ, ಕೊನೆಗೆ ತನ್ನ ಊರಿನ ನಗೆಯನ್ನು ಹುಡುಕಹೊರಟಾಗ ಕೈ ಬರಿದಾಗುತ್ತದೆ. ತೌಲನಿಕ ಅಧ್ಯಯನಗಳು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲಿಯೇ ಕುಳಿತುಬಿಡುತ್ತವೆ. ಡೋರೀನ್ ಎಂದರೆ ದೂತಿ, ತಾರ್ತೂಫ್ ಎಂದರೆ ಆಷಾಢಭೂತಿ ಎಂಬ ಸಮೀಕರಣದಿಂದ ಎರಡೂ ಕಡೆಗೆ ನಷ್ಟ. ಫ್ರೆಂಚ್ ನಾಟಕದ ಓರ್ಗೋನ್ ಕಾಣದೆ ಹೋಗುತ್ತಾನೆ, ಕನ್ನಡ ಆಟದ ಆಶುಮಾತು ಕಳೆದದ್ದು ಗೊತ್ತಾಗದೆ ಹೋಗುತ್ತದೆ.

ಮೋಲಿಯೇರನ ನಾಟಕವನ್ನು ದೊರೆ, ಆರ್ಚ್‌ಬಿಷಪ್, ನ್ಯಾಯಾಲಯ ಸೇರಿ ಐದು ವರ್ಷ ತಡೆದರೂ ಅದು ಪೂರ್ಣವಾಗಿ ಉಳಿದು ಬಂತು. ದೂತಿಯ ಮಾತನ್ನು ಯಾರೂ ನಿಷೇಧಿಸಲಿಲ್ಲ. ಅದನ್ನು ಬರೆದುಕೊಳ್ಳುವ ಪೆನ್ಸಿಲು ಹಾಡು ಮುಗಿದೊಡನೆ ನಿಂತದ್ದರಿಂದಲೇ ಅದು ಕಳೆದುಹೋಯಿತು. ಇಂದು ಧ್ವನಿ ಮತ್ತು ದೃಶ್ಯ ಮುದ್ರಣದ ಉಪಕರಣ ಪ್ರತಿ ವಿದ್ಯಾರ್ಥಿಯ ಕಿಸೆಯಲ್ಲಿದೆ. ಆಟ ಕಟ್ಟುವ ಮೇಳಗಳ ಸಂಖ್ಯೆ ಕಡಿಮೆಯಾಗುತ್ತಿದ್ದರೂ ಮಾತು ಬಲ್ಲ ಹಿರಿಯ ಕಲಾವಿದರು ಬೆಳಗಾವಿ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಇದ್ದಾರೆ. ‘ಇಂವ ನಮ್ಮೂರಾಗೂ ಅದಾನ’ ಎಂದ ವಿದ್ಯಾರ್ಥಿಯನ್ನು ಅಧ್ಯಾಪಕ ಮುಂದೆ ಕೇಳಬೇಕಾದ ಪ್ರಶ್ನೆ, ಅವನ ಬಗ್ಗೆ ನಿಮ್ಮೂರ ಆಟದಲ್ಲಿ ಏನು ಮಾತು ಬಂತು ಎಂಬುದು. ಆ ಉತ್ತರವನ್ನು ಹುಡುಕಿಕೊಂಡು ವಿದ್ಯಾರ್ಥಿ ಊರಿಗೆ ಹೋಗಿ ಹಿರಿಯ ಕಲಾವಿದನೊಬ್ಬನ ಎದುರು ಕುಳಿತರೆ, ಫ್ರೆಂಚ್ ಪ್ರಹಸನವೊಂದರ ಓದು ಧಾರವಾಡ ಸೀಮೆಯ ಜಾನಪದ ಅಧ್ಯಯನಕ್ಕೆ ನಿಜವಾಗಿ ಉಪಕಾರ ಮಾಡಿದಂತಾಗುತ್ತದೆ.